ಮದುವೆ ಛತ್ರದ ಗೋಡೆಯಲ್ಲಿ ಬಾಡಿದ ಸೇವಂತಿಗೆ: ಒಂದು ಹೂವಿನ ಚಿತ್ರವನ್ನು ನೋಡುವುದು ಹೇಗೆ?

ಚಿಕ್ಕಬಳ್ಳಾಪುರದವರಿಗೆ ಹೂವು ಗೊತ್ತಿಲ್ಲ ಅನ್ನುವ ಹಾಗಿಲ್ಲ. ಬೆಳಗಿನ ಜಾವ ಮೂಟೆ ಬಿಚ್ಚಿದ ಕೂಡಲೇ ಒಂದು ಹಿಡಿ ಎತ್ತಿ ಅದುಮಿ, ಇದು ನಿನ್ನೆ ಸಂಜೆ ಕಿತ್ತದ್ದು, ಇದು ಮಳೆಯಲ್ಲಿ ನೆನೆದದ್ದು ಎಂದು ಹೇಳಬಲ್ಲವರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅಂಥ ಊರಿನ ಒಂದು ಮದುವೆ ಛತ್ರದಲ್ಲಿ ಈಚೆಗೆ ಹೂವಿನದೇ ಒಂದು ಚಿತ್ರ ಸಣ್ಣ ಜಗಳ ತಂದಿಟ್ಟಿತು.

ಬಾಗಿಲು ದಾಟಿದರೆ ಎದುರಿಗೇ ಕಾಣುವ ಗೋಡೆಗೆ ಛತ್ರದ ಮಾಲೀಕರು ಐದಡಿ ಅಗಲ, ನಾಲ್ಕಡಿ ಎತ್ತರದ ಕ್ಯಾನ್ವಾಸ್ ಹಾಕಿಸಿದ್ದರು. ಬರೆದವರು ನಮ್ಮ ಜಿಲ್ಲೆಯವರೇ, ಬೆಂಗಳೂರಿನಲ್ಲಿ ಚಿತ್ರಕಲೆ ಓದಿ ಬಂದ ಯುವತಿ. ಚಿತ್ರದ ತುಂಬ ಸೇವಂತಿಗೆ, ಅದರಲ್ಲಿ ಅರ್ಧಕ್ಕರ್ಧ ಬಾಡಿದ್ದು. ಹೆಣ್ಣಿನ ಕಡೆಯ ಹಿರಿಯರೊಬ್ಬರು ತಗಾದೆ ತೆಗೆದರು: "ಶುಭಕಾರ್ಯದ ಜಾಗದಲ್ಲಿ ಬಾಡಿದ ಹೂವಾ? ಮೊದಲು ತೆಗೆಸಿ." ಇನ್ನೊಬ್ಬರು "ಮಾಡರ್ನ್ ಆರ್ಟ್ ಕಣ್ರೀ, ಅದಕ್ಕೆಲ್ಲ ಅರ್ಥ ಕೇಳಬಾರದು" ಎಂದು ಸಮಾಧಾನ ಹೇಳಿದರು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹೂವಿನ ಮಂಡಿಯವರು ಎಲೆಗೆ ಕೋಸಂಬರಿ ಬೀಳುವ ಮುಂಚೆಯೇ ಕೇಳಿದರು: "ನೀವು ಡ್ರಾಯಿಂಗ್ ಮೇಷ್ಟ್ರಲ್ವಾ ಸಾ? ಅದರಾಗೆ ಏನೈತೆ ಅಂತ ಸ್ವಲ್ಪ ಹೇಳಿ."

ಪಾಯಸ ಬರುವಷ್ಟರಲ್ಲಿ ಮುಗಿಯುವ ಮಾತಲ್ಲ ಅದು. ಅವತ್ತು ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಮೊದಲು ಮೂಟೆ ಬಿಚ್ಚೋಣ

ಚಿತ್ರದ ಎದುರು ನಿಂತ ಕೂಡಲೇ "ಇದರ ಅರ್ಥವೇನು?" ಎಂದು ಕೇಳುವುದು, ಮೂಟೆ ಬಿಚ್ಚದೆ ರೇಟು ಕೇಳಿದ ಹಾಗೆ. ಅಲ್ಲಿ ಏನೇನಿದೆ ಎಂದು ಮೊದಲು ಎಣಿಸಿಕೊಳ್ಳಬೇಕು. ಎಣಿಸುವಾಗ ಚೆಂದ, ಅಂದಗೇಡಿ ಎನ್ನುವ ಮಾತು ಬೇಡ.

ಎಡಭಾಗದಲ್ಲಿ ಹಳದಿ ಸೇವಂತಿಗೆಯ ರಾಶಿ. ಎಸಳೆಸಳೂ ಬಿಡಿಬಿಡಿಯಾಗಿ ಕಾಣುತ್ತದೆ, ಬಣ್ಣ ಬಟ್ಟೆಯಿಂದ ಮೇಲೆದ್ದು ನಿಂತಿದೆ. ನಡುವಿಗೆ ಬರುವ ಹೊತ್ತಿಗೆ ಎಸಳುಗಳ ಅಂಚು ಒಂದರೊಳಗೊಂದು ಕಲಸಿಹೋಗುತ್ತದೆ. ಇನ್ನೂ ಬಲಕ್ಕೆ ಹೋದರೆ ಹೂವಿನ ಆಕಾರವೇ ಇಲ್ಲ. ಕಂದು ಹಳದಿಯ ತೆಳು ಬಳಿತ, ಅದರಿಂದ ಕೆಳಕ್ಕೆ ಇಳಿದ ನೀರಿನ ಗೆರೆಗಳು. ಬಲತುದಿಯಲ್ಲಿ ಒಂದಡಿ ಅಗಲ ಖಾಲಿ, ಬರಿಯ ಬೂದು ಬಿಳುಪು. ರಾಶಿಯ ಬುಡದಲ್ಲಿ ನೇರಳೆ ನೆರಳು, ಅದರ ಮೇಲೆ ಗೇಣುದ್ದದ ನೀಲಿ ಪ್ಲಾಸ್ಟಿಕ್ ದಾರ. ಚಿತ್ರದ ಮೇಲ್ತುದಿಗೆ ನಾಲ್ಕು ಬೆರಳಗಲದ ಕಡುನೀಲಿ ಪಟ್ಟಿ, ಅದರಲ್ಲಿ ಸಾಲಾಗಿ ಸಣ್ಣ ಬಿಳಿ ಚುಕ್ಕೆಗಳು. ಪಕ್ಕದ ಚೀಟಿಯಲ್ಲಿ ಹೀಗಿದೆ: "ಉಳಿದದ್ದು. ಕ್ಯಾನ್ವಾಸ್ ಮೇಲೆ ಆಕ್ರಿಲಿಕ್."

ಇಷ್ಟು ಪಟ್ಟಿ ಮಾಡಲು ಯಾರೂ ಕಲಾಶಾಲೆಯ ಮೆಟ್ಟಿಲು ಹತ್ತಿರಬೇಕಿಲ್ಲ. ಇದಾದ ಮೇಲೆ "ಇವನ್ನೆಲ್ಲ ಹೇಗೆ ಇಟ್ಟಿದ್ದಾರೆ?" ಎನ್ನುವ ಪ್ರಶ್ನೆ ಬರುತ್ತದೆ. ತಂತ್ರ ಅನ್ನುವುದು ಅದನ್ನೇ. "ಯಾಕೆ?" ಎನ್ನುವುದಕ್ಕೆ ಉತ್ತರ ಬಹುಪಾಲು ಈ "ಹೇಗೆ"ಯ ಒಳಗೇ ಅಡಗಿರುತ್ತದೆ.

"ಮಾಡರ್ನ್" ಎಂಬ ಹಳೆಯ ಮಾತು

ಅರ್ಥವಾಗದ ಚಿತ್ರಕ್ಕೆಲ್ಲ ನಾವು ಮಾಡರ್ನ್ ಆರ್ಟ್ ಎಂದು ಹೆಸರಿಡುತ್ತೇವೆ. ಕಲೆಯ ಇತಿಹಾಸದಲ್ಲಿ ಆ ಹೆಸರು ಹೆಚ್ಚುಕಡಿಮೆ 1860ರಿಂದ 1960ರ ದಶಕದವರೆಗಿನ ನೂರು ವರ್ಷಕ್ಕೆ ಸಲ್ಲುತ್ತದೆ. ಅಂದರೆ ಮಾಡರ್ನ್ ಎನ್ನುವುದು ನಮ್ಮ ತಾತಂದಿರ ಕಾಲದ ಸಂಗತಿ. ಅಲ್ಲಿಂದ ಈಚಿನದಕ್ಕೆ, ನಮ್ಮ ಜೊತೆಗೇ ಬದುಕಿರುವವರು ಮಾಡುತ್ತಿರುವುದಕ್ಕೆ ಸಮಕಾಲೀನ ಎನ್ನುತ್ತಾರೆ. ಸಮಕಾಲೀನ ಚಿತ್ರ ವಿಚಿತ್ರವಾಗಿಯೇ ಇರಬೇಕೆಂಬ ಕಾನೂನಿಲ್ಲ. ಫೋಟೊದಂತೆ ಬರೆಯುವವರೂ ಇದ್ದಾರೆ, ಆಕಾರವೇ ಇಲ್ಲದೆ ಬರೆಯುವವರೂ ಇದ್ದಾರೆ. ಛತ್ರದ ಚಿತ್ರ ಎರಡರ ನಡುವೆ ಎಡದಿಂದ ಬಲಕ್ಕೆ ನಡೆದು ಹೋಗುತ್ತದೆ.

ಎಣ್ಣೆಯೋ, ನೀರೋ

ಬಣ್ಣ ಎಂದರೆ ಎರಡು ವಸ್ತುಗಳ ಬೆರಕೆ: ಬಣ್ಣ ಕೊಡುವ ಪುಡಿ, ಮತ್ತು ಆ ಪುಡಿಯನ್ನು ಹಿಡಿದಿಡುವ ಅಂಟು. ಗೋಡೆಗೆ ಸುಣ್ಣ ಹೊಡೆಯುವಾಗ ಗೋಂದು ಬೆರೆಸದಿದ್ದರೆ ಒರಗಿದವರ ಅಂಗಿಗೆಲ್ಲ ಬಿಳುಪು ಮೆತ್ತಿಕೊಳ್ಳುತ್ತದಲ್ಲ, ಅದೇ ಲೆಕ್ಕ. ಪುಡಿ ಒಂದೇ ಇದ್ದರೂ ಅಂಟು ಬದಲಾದರೆ ಚಿತ್ರದ ಜಾತಿಯೇ ಬದಲಾಗುತ್ತದೆ.

ತೈಲವರ್ಣದಲ್ಲಿ ಅಂಟು ಎಂದರೆ ಸಾಮಾನ್ಯವಾಗಿ ಅಗಸೆ ಎಣ್ಣೆ. ಅದು ಆರುವುದು ನೀರು ಆರಿದಂತಲ್ಲ. ಗಾಳಿಯಲ್ಲಿನ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿ ಪದರವಾಗುತ್ತದೆ. ತೆಳುವಾಗಿ ಬಳಿದರೂ ಮುಟ್ಟುವಂತಾಗಲು ದಿನಗಳು ಬೇಕು, ದಪ್ಪವಿದ್ದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಬಣ್ಣ ಹಸಿಯಾಗಿರುವುದರಿಂದ ಒಂದನ್ನು ಇನ್ನೊಂದರೊಳಗೆ ಮೆಲ್ಲಗೆ ಕಲಸುತ್ತ ಹೋಗಬಹುದು.

ಆಕ್ರಿಲಿಕ್‌ನಲ್ಲಿ ಅಂಟು ಒಂದು ಬಗೆಯ ಪ್ಲಾಸ್ಟಿಕ್. ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ನೀರು ಆವಿಯಾದ ಮೇಲೆ ಕಣಗಳು ಒಂದಕ್ಕೊಂದು ಬೆಸೆದು ಹಾಳೆಯಾಗುತ್ತವೆ. ಮತ್ತೆ ನೀರು ಹಾಕಿದರೂ ಕರಗುವುದಿಲ್ಲ. ಕಲಾವಿದರ ಬಳಕೆಗೆ ಅಂಗಡಿಯಲ್ಲಿ ಸಿಗತೊಡಗಿದ್ದು 1950ರ ದಶಕದಲ್ಲಿ. ತೆಳು ಪದರ ಕೆಲವೇ ನಿಮಿಷದಲ್ಲಿ ಆರುತ್ತದೆ, ನಮ್ಮ ಬೇಸಿಗೆಯಲ್ಲಂತೂ ಕುಂಚ ತೊಳೆದು ಬರುವಷ್ಟರಲ್ಲಿ. ಹೀಗಾಗಿ ಆಕ್ರಿಲಿಕ್‌ನವರು ಬೇಗ ಬೇಗ, ಪದರದ ಮೇಲೆ ಪದರ ಇಡುತ್ತ ಹೋಗಬೇಕು. ತಪ್ಪಾದರೆ ಅಳಿಸುವುದಕ್ಕಿಂತ ಮುಚ್ಚುವುದು ಸುಲಭ. ಛತ್ರದ ಚಿತ್ರದಲ್ಲಿ ಹಳದಿಯ ಸಂದಿಯಲ್ಲಿ ಅಲ್ಲಲ್ಲಿ ಇಣುಕುವ ಕೆಂಗಂದು, ಹಾಗೆ ಮುಚ್ಚಿಹೋದ ಮೊದಲ ಪದರ.

ದಪ್ಪ ಎಲ್ಲಿ, ತೆಳು ಎಲ್ಲಿ

ನನ್ನ ಪ್ರಕಾರ ಈ ಚಿತ್ರದ ಬೀಗದ ಕೈ ಇರುವುದು ಇಲ್ಲೇ.

ಮೊಬೈಲಿನ ಟಾರ್ಚನ್ನು ಚಿತ್ರದ ಎದುರಿಗೆ ಹಿಡಿಯದೆ ಗೋಡೆಗೆ ಅಂಟಿದಂತೆ ಪಕ್ಕದಿಂದ ಹಿಡಿದು ನೋಡಿ. ಎಡಭಾಗದ ಎಸಳುಗಳ ಹಿಂದೆ ನಿಜವಾದ ನೆರಳು ಬೀಳುತ್ತದೆ. ಬರೆದ ನೆರಳಲ್ಲ, ಬಣ್ಣದ ಗಟ್ಟಿಯೇ ಹಾಯಿಸಿದ ನೆರಳು. ಹೀಗೆ ಬಣ್ಣವನ್ನು ಮಂದವಾಗಿ ಮೆತ್ತುವುದಕ್ಕೆ ಇಂಪಾಸ್ಟೊ ಎಂದು ಹೆಸರು, ಇಟಲಿಯ ಪದ. ಮಾಡುವುದು ಒರಟು ಕುಂಚದಿಂದ, ಇಲ್ಲವೇ ಪ್ಯಾಲೆಟ್ ನೈಫ್ ಎನ್ನುವ ಪುಟ್ಟ ಕರಣೆಯಿಂದ. ಗಾರೆಯವರು ಗೋಡೆಗೆ ಗಾರೆ ಎರಚಿ ಕರಣೆಯಲ್ಲಿ ಎಳೆದಾಗ ಕೊನೆಯಲ್ಲಿ ಒಂದು ಏಣು ನಿಲ್ಲುತ್ತದಲ್ಲ, ಸೇವಂತಿಗೆಯ ಎಸಳಿನ ತುದಿ ಹಾಗೆಯೇ ನಿಂತಿದೆ. ಒಂದೊಂದು ಎಸಳಿಗೂ ಒಂದೊಂದೇ ಎಳೆತ; ತಿದ್ದಿದ ಗುರುತಿಲ್ಲ.

ಸೇವಂತಿಗೆಗೆ ಈ ತಂತ್ರ ಒಪ್ಪುವುದಕ್ಕೆ ಹೂವಿನ ರಚನೆಯೂ ಕಾರಣ. ನಾವು ಒಂದು ಸೇವಂತಿಗೆ ಎನ್ನುವುದು ಸಸ್ಯಶಾಸ್ತ್ರದಲ್ಲಿ ಒಂದು ಹೂವಲ್ಲ, ಪುಟ್ಟ ಪುಟ್ಟ ಹೂಗಳ ದೊಡ್ಡ ಗುಂಪು. ನಾವು ಎಸಳು ಎಂದು ಕಿತ್ತು ರಂಗೋಲಿಗೆ ಹಾಕುವ ಒಂದೊಂದೂ ಒಂದೊಂದು ಹೂವು. ಚೆಂಡು ಹೂವು, ಸೂರ್ಯಕಾಂತಿಯೂ ಇದೇ ಕುಟುಂಬ. ಗುಲಾಬಿಯ ಅಗಲ ಎಸಳನ್ನು ನಯವಾಗಿ ಕಲಸಿದ ಬಣ್ಣದಲ್ಲಿ ತೋರಿಸಬಹುದು. ಸೇವಂತಿಗೆಗೆ ನೂರು ಸಣ್ಣ ಏಟುಗಳು ಬೇಕು.

ಬಲಕ್ಕೆ ಬಂದಂತೆ ಕಲಾವಿದೆ ಕರಣೆಯನ್ನು ಬದಿಗಿಟ್ಟಿದ್ದಾರೆ. ಬಣ್ಣಕ್ಕೆ ನೀರು ಹೆಚ್ಚುತ್ತ ಹೋಗಿದೆ. ಹಿಂದಿನ ಪದರ ಕಾಣುವಷ್ಟು ತೆಳುವಾಗಿ ಬಣ್ಣ ಹಾಯಿಸುವುದಕ್ಕೆ ಗ್ಲೇಜಿಂಗ್ ಎನ್ನುತ್ತಾರೆ. ಬಣ್ಣದ ಜಿಲೇಟಿನ್ ಕಾಗದಗಳನ್ನು ಒಂದರ ಮೇಲೊಂದು ಹಿಡಿದು ಬೆಳಕಿಗೆ ನೋಡಿದಂತೆ. ಹಳದಿಯ ಮೇಲೆ ತೆಳು ಕಂದು ಬಂದಾಗ ಹೂವಿನ ಒಳಗಿಂದಲೇ ಕೊಳೆತ ಎದ್ದಂತೆ ಕಾಣುತ್ತದೆ. ಕೊನೆಗೆ ಬಣ್ಣ ಎಷ್ಟು ನೀರಾಗಿದೆಯೆಂದರೆ ತಾನೇ ಇಳಿದು ಗೆರೆಯಾಗಿದೆ.

ಈಗ "ಹೇಗೆ"ಯಿಂದ "ಯಾಕೆ"ಗೆ ದಾಟಬಹುದು. ತಾಜಾ ಹೂವಿಗೆ ತೂಕವಿದೆ, ಅದಕ್ಕೆ ಬಣ್ಣದಲ್ಲೂ ತೂಕ ಕೊಟ್ಟಿದ್ದಾರೆ. ಬಾಡಿದ ಹೂವು ನೀರು ಬಿಟ್ಟು ಮೆತ್ತಗಾಗುತ್ತದೆ, ಇಲ್ಲಿ ಬಣ್ಣವೂ ನೀರು ಬಿಟ್ಟಿದೆ. ಬಾಡುವುದನ್ನು ಬರೆದು ತೋರಿಸುವ ಬದಲು ಬಣ್ಣವನ್ನೇ ಬಾಡಿಸಿದ್ದಾರೆ. ಪಂಕ್ತಿಯಲ್ಲಿ ಇದನ್ನು ಹೇಳಿದಾಗ ಮಂಡಿಯವರು ಎಲೆಯಿಂದ ತಲೆಯೆತ್ತಿ, "ಅಂದ್ರೆ ಎಡಗಡೆ ಕೆಜಿ ಜಾಸ್ತಿ ತೂಗ್ತದೆ ಅನ್ನಿ" ಅಂದರು. ನಾನು ಇಷ್ಟು ವರ್ಷ ಪಾಠ ಮಾಡಿದರೂ ಇಂಪಾಸ್ಟೊವನ್ನು ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಹಳದಿಯ ಪಕ್ಕ ನೇರಳೆ ಯಾಕೆ?

ನೆರಳು ಕಪ್ಪಗಿರಬೇಕಲ್ಲ, ನೇರಳೆ ಎಲ್ಲಿಂದ ಬಂತು?

ಹೂ ಕಟ್ಟುವವರ ಕೈ ನೋಡಿ. ಕೆಂಪು ಗುಲಾಬಿಯ ಹಾರದ ನಡುವೆ ಹಸಿರು ಎಲೆ ಸೇರಿಸುತ್ತಾರೆ, ಕನಕಾಂಬರದ ಜೊತೆ ಮರುಗವನ್ನೋ ಪಚ್ಚೆತೆನೆಯನ್ನೋ ಕಟ್ಟುತ್ತಾರೆ. ಹಸಿರಿನ ಪಕ್ಕ ಬಂದರೆ ಕೆಂಪು ಇನ್ನಷ್ಟು ಕೆಂಪಾಗುತ್ತದೆ ಎಂದು ಅವರ ಕೈಗೆ ಗೊತ್ತು. ಬಣ್ಣಗಳನ್ನು ಚಕ್ರದಂತೆ ಜೋಡಿಸಿದರೆ ಎದುರುಬದುರು ಕೂರುವ ಜೋಡಿಗಳಿವು: ಕೆಂಪಿಗೆ ಹಸಿರು, ಕಿತ್ತಳೆಗೆ ನೀಲಿ, ಹಳದಿಗೆ ನೇರಳೆ. ಪೂರಕ ವರ್ಣಗಳು ಎಂದು ಹೆಸರು. ಒಂದರ ಮಗ್ಗುಲಲ್ಲಿ ಇನ್ನೊಂದು ಇದ್ದರೆ ಎರಡೂ ಹೊಳೆಯುತ್ತವೆ. ಎರಡನ್ನೂ ಕಲಸಿಬಿಟ್ಟರೆ ಮಣ್ಣುಬಣ್ಣ.

ಇದನ್ನು ಶಾಸ್ತ್ರವಾಗಿ ಬರೆದಿಟ್ಟವರು ಮಿಷೆಲ್ ಯೂಜೀನ್ ಶೆವ್ರೂಲ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಹೊಣೆ ಅವರದು. ಕಪ್ಪು ನೂಲು ಮಂಕಾಗಿ ಕಾಣುತ್ತದೆಂದು ದೂರು ಬಂತು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ಐಬಿರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣಗಳು ಕಪ್ಪನ್ನು ಮಂಕು ಮಾಡಿದ್ದವು. ಅದರ ಬೆನ್ನುಹತ್ತಿ 1839ರಲ್ಲಿ ಅವರು ಪ್ರಕಟಿಸಿದ ಪುಸ್ತಕವನ್ನು ಮುಂದೆ ಚಿತ್ರಕಾರರು ಚೆನ್ನಾಗಿ ಬಳಸಿಕೊಂಡರು. ಬೆರೆಸದೆ ಅಕ್ಕಪಕ್ಕ ಇಟ್ಟ ಬಣ್ಣಗಳನ್ನು ದೂರದಿಂದ ಕಣ್ಣೇ ಬೆರೆಸಿಕೊಳ್ಳುತ್ತದೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ರೇಷ್ಮೆ ಸೀರೆಯಲ್ಲಿ ಮೂರನೆಯ ಬಣ್ಣವೊಂದು ಮಿನುಗುವುದು ಇದಕ್ಕೇ.

ಛತ್ರದ ಚಿತ್ರದಲ್ಲಿ ಎಡಗಡೆ ನೇರಳೆ ಮತ್ತು ಹಳದಿ ಬೇರೆ ಬೇರೆ ನಿಂತಿವೆ, ಹೊಳಪು ಇರುವುದು ಅಲ್ಲೇ. ಬಲಗಡೆ ಅವೇ ಎರಡು ಕಲಸಿಹೋಗಿ ಕಂದಾಗಿವೆ. ಕಂದು ಬಣ್ಣದ ಬೇರೆ ಟ್ಯೂಬು ಬೇಕೇ ಆಗಿಲ್ಲ.

ಸಾರಿಸಿದ ನೆಲ

ಬಲತುದಿಯ ಖಾಲಿ ಜಾಗವನ್ನು ನೋಡಿ "ಬಣ್ಣ ಮುಗಿದುಹೋಯ್ತಾ?" ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆಯೇ. ಆದರೆ ರಂಗೋಲಿ ಹಾಕುವಾಗ ನೆಲವನ್ನೆಲ್ಲ ಪುಡಿಯಿಂದ ಮುಚ್ಚುತ್ತೇವೆಯೇ? ಸಾರಿಸಿದ ನೆಲವೂ ರಂಗೋಲಿಯ ಭಾಗ. ಚಿತ್ರದಲ್ಲಿ ಬಿಟ್ಟ ಜಾಗಕ್ಕೂ ಅದೇ ಕೆಲಸ. ಎಡದ ರಾಶಿಯ ಭಾರಕ್ಕೆ ಎದುರು ತಟ್ಟೆಯಲ್ಲಿ ಏನೂ ಇಡದೆ ತಕ್ಕಡಿಯನ್ನು ವಾಲಿಸಿದಂತಿದೆ. ಕಣ್ಣು ಎಡದಿಂದ ಹೊರಟು ಬಲಕ್ಕೆ ಜಾರಿ, ಅಲ್ಲಿ ಹಿಡಿಯಲು ಏನೂ ಸಿಗದೆ ಹಿಂದಿರುಗುತ್ತದೆ. ವಸ್ತುಗಳನ್ನು ಹೀಗೆ ಜೋಡಿಸಿ ಕಣ್ಣಿಗೆ ದಾರಿ ಹಾಕಿಕೊಡುವುದಕ್ಕೆ ಸಂಯೋಜನೆ ಎಂದು ಹೆಸರು.

ನಕ್ಷತ್ರ ಸಾಲಾಗಿ ಹುಟ್ಟುತ್ತದೆಯೇ?

ಮೇಲ್ಗಡೆಯ ಕಡುನೀಲಿ ಪಟ್ಟಿಯಲ್ಲಿನ ಚುಕ್ಕೆಗಳನ್ನು ಬೆಂಗಳೂರಿಂದ ಬಂದಿದ್ದ ಒಬ್ಬರು ನಕ್ಷತ್ರ ಎಂದರು. ಹೂವಿನ ಮೇಲೆ ತಾರೆಗಳ ರಾತ್ರಿ, ಕಾವ್ಯಮಯವಾಗಿದೆ ಎಂದೂ ಸೇರಿಸಿದರು. ಮಂಡಿಯವರು ನಕ್ಕರು: "ನಕ್ಷತ್ರ ಸಾಲಾಗಿ ಹುಟ್ತದಾ ಸಾ? ಅದು ತೋಟದ ಬಲ್ಬು."

ಸೇವಂತಿಗೆ ಮೊಗ್ಗು ಕಟ್ಟುವುದು ಹಗಲು ಕಿರಿದಾಗಿ ರಾತ್ರಿ ಉದ್ದವಾದಾಗ. ಗಿಡ ಎತ್ತರಕ್ಕೆ ಬಂದು ಕವಲೊಡೆಯುವ ಮುಂಚೆಯೇ ಮೊಗ್ಗಾದರೆ ಬೆಳೆ ಕೈಗೆ ಹತ್ತುವುದಿಲ್ಲ. ಅದಕ್ಕೆ ರೈತರು ಹೊಲದ ಮೇಲೆ ತಂತಿ ಎಳೆದು, ಸಾಲಾಗಿ ಬಲ್ಬು ಕಟ್ಟಿ, ರಾತ್ರಿ ಹೊತ್ತು ಉರಿಸಿ ಗಿಡಕ್ಕೆ ಇನ್ನೂ ಹಗಲೆಂದು ನಂಬಿಸುತ್ತಾರೆ. ಯಾವ ಹಬ್ಬಕ್ಕೆ ಹೂವು ಬೇಕೋ ಅದರ ಲೆಕ್ಕ ಹಿಡಿದು ದೀಪ ನಿಲ್ಲಿಸುತ್ತಾರೆ. ಆಮೇಲೆ ಕತ್ತಲು ಕಂಡ ಗಿಡ ಮೊಗ್ಗು ಬಿಡುತ್ತದೆ.

ಇದನ್ನು ತಿಳಿದವರಿಗೆ ಚಿತ್ರ ಬೇರೆಯಾಗಿ ತೆರೆದುಕೊಳ್ಳುತ್ತದೆ. ಮೇಲೆ ದೀಪದ ಸಾಲು, ಅಂದರೆ ಹಬ್ಬದ ದಿನಕ್ಕೆ ಸರಿಯಾಗಿ ಹೂ ಬಿಡಿಸಲು ಪಟ್ಟ ಪಾಡು. ಕೆಳಗೆ ಮೂಟೆಯ ನೀಲಿ ದಾರ, ಅಂದರೆ ಹೂವು ಮಾರುಕಟ್ಟೆ ತಲುಪಿದೆ. ನಡುವೆ ಹಳದಿಯಿಂದ ಕಂದಿಗೆ ಇಳಿಯುವ ರಾಶಿ, ಅಂದರೆ ಕೊಳ್ಳುವವರು ಬರಲಿಲ್ಲ. ಹಬ್ಬದ ಹಿಂದಿನ ದಿನ ಕೈಗೆ ಎಟುಕದ ಬೆಲೆಯ ಹೂವು ಹಬ್ಬ ಮುಗಿದ ಮೇಲೆ ರಸ್ತೆ ಬದಿಗೆ ಬೀಳುವುದನ್ನು ಈ ಸೀಮೆಯಲ್ಲಿ ನೋಡದವರು ಯಾರು?

ಹೆಸರಿನ ಚೀಟಿಯನ್ನು ಈಗ ಮತ್ತೊಮ್ಮೆ ಓದಬೇಕು. "ಉಳಿದದ್ದು" ಎಂಬ ಮಾತಿಗೆ ಕನ್ನಡದಲ್ಲಿ ಎರಡು ಮುಖ. ಮಾರಾಟವಾಗದೆ ಉಳಿದದ್ದು, ಮತ್ತು ಅಳಿಯದೆ ಉಳಿದದ್ದು. ಕಲಾವಿದೆ ಯಾವುದನ್ನು ಹೇಳಿದ್ದಾರೆ ಎಂದು ಚೀಟಿ ತೀರ್ಮಾನ ಕೊಡುವುದಿಲ್ಲ. ಚಿತ್ರದಲ್ಲಿ ಎರಡಕ್ಕೂ ಸಾಕ್ಷಿ ಇದೆ.

ಬಾಡಿದ ಹೂವು ಅಪಶಕುನವೇ?

ಹಿರಿಯರ ತಕರಾರಿಗೆ ಬರೋಣ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ಹೂವಿಗೆ ಅರ್ಥದ ಭಾರ ಅಷ್ಟಿದೆ. ಸಂಬಂಧ ಗಟ್ಟಿಯಾದರೆ ಹೂ ಮುಡಿಸುವ ಶಾಸ್ತ್ರ. ದೇವರ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆಯಾಯಿತು ಎನ್ನುತ್ತೇವೆ. ಶಿವನಿಗೆ ತುಂಬೆ, ಎಕ್ಕ, ದತ್ತೂರಿ ಸಲ್ಲುತ್ತದೆ, ಕೇದಗೆ ಸಲ್ಲದು. ಗಂಡ ಸತ್ತ ಹೆಂಗಸಿನ ಮುಡಿಯಿಂದ ಹೂ ತೆಗೆಯುವ ಕ್ರೂರ ಪದ್ಧತಿಯೂ ನಮ್ಮದೇ. ಮದುವೆ ಚಪ್ಪರಕ್ಕೆ ಕಟ್ಟಿದ ಚೆಂಡು ಹೂವೇ ಚಟ್ಟದ ಮೇಲೂ ಬೀಳುತ್ತದೆ. ಇಂಥ ಜನ ಹೂವಿನ ಚಿತ್ರವನ್ನು ಬರಿಯ ಅಲಂಕಾರವೆಂದು ನೋಡಲಾರರು.

ಆದರೆ ಅದೇ ಸಂಪ್ರದಾಯದಲ್ಲಿ ಬಾಡಿದ ಹೂವಿಗೆ ಇನ್ನೊಂದು ಹೆಸರಿದೆ: ನಿರ್ಮಾಲ್ಯ. ದೇವರ ಮೇಲಿಂದ ತೆಗೆದ ನಿನ್ನೆಯ ಹೂವನ್ನು ಯಾರೂ ತುಳಿಯುವುದಿಲ್ಲ, ಗಿಡದ ಬುಡಕ್ಕೋ ಹರಿಯುವ ನೀರಿಗೋ ಹಾಕುತ್ತಾರೆ. ಒಣಗಿದರೂ ಕಣ್ಣಿಗೊತ್ತಿಕೊಳ್ಳುತ್ತಾರೆ.

ಬೇರೆ ದೇಶಗಳಲ್ಲೂ ಬಾಡಿದ ಹೂವು ಚಿತ್ರಕ್ಕೆ ಹೊಸದಲ್ಲ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರರು ಹೂದಾನಿಗಳನ್ನು ಬರೆದರು. ಒಂದೇ ದಾನಿಯಲ್ಲಿ ಬೇರೆ ಬೇರೆ ಋತುವಿನ ಹೂವುಗಳು. ತೋಟದಲ್ಲಿ ಎಂದೂ ಒಟ್ಟಿಗೆ ಅರಳದವನ್ನು ಬಿಡಿಬಿಡಿಯಾಗಿ ಬರೆದಿಟ್ಟುಕೊಂಡು ಕೊನೆಗೆ ಒಂದೆಡೆ ಸೇರಿಸುತ್ತಿದ್ದರು. ರಾಚೆಲ್ ರಾಯ್ಶ್ (1664–1750) ಎಂಬಾಕೆ ಇದರಲ್ಲಿ ದೊಡ್ಡ ಹೆಸರು. ಇಂಥ ಚಿತ್ರಗಳಲ್ಲಿ ಹುಳು ತಿಂದ ಎಲೆ, ಜೋತುಬಿದ್ದ ಎಸಳು ಇದ್ದೇ ಇರುತ್ತವೆ, ಚೆಲುವು ನಿಲ್ಲುವುದಿಲ್ಲ ಎನ್ನುವುದಕ್ಕೆ. ಆ ನಾಡಿನಲ್ಲಿ ಟ್ಯೂಲಿಪ್ ಗೆಡ್ಡೆಗಳ ಬೆಲೆ ಹುಚ್ಚುಹುಚ್ಚಾಗಿ ಏರಿ 1637ರ ಫೆಬ್ರವರಿಯಲ್ಲಿ ಕುಸಿದುಬಿತ್ತು. ಹೂವಿನ ಬೆಲೆಯನ್ನು ನಂಬಿ ಕೈಸುಟ್ಟುಕೊಂಡವರು ಬರಿ ನಮ್ಮ ಜಿಲ್ಲೆಯವರಲ್ಲ.

ಛತ್ರದ ಚಿತ್ರಕ್ಕೆ ಇನ್ನೂ ಹತ್ತಿರದ ನೆಂಟ ವಿನ್ಸೆಂಟ್ ವ್ಯಾನ್ ಗೋ ಬರೆದ ಸೂರ್ಯಕಾಂತಿಗಳು. 1888ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಆರ್ಲ್ ಎಂಬ ಊರಿನಲ್ಲಿ ಬರೆದದ್ದು. ದಪ್ಪ ಹಳದಿ, ಎಸಳಿಗೊಂದು ಏಟು. ಅದೇ ದಾನಿಯಲ್ಲಿ ಅರಳಿದವು, ಎಸಳುದುರಿ ಬೀಜ ಕಟ್ಟಿದವು, ಕತ್ತು ಬಗ್ಗಿಸಿದವು ಎಲ್ಲ ಇವೆ. ಆ ಚಿತ್ರಗಳನ್ನು ಬರೆದದ್ದು ಯಾವ ದುಃಖಕ್ಕೂ ಅಲ್ಲ, ಮನೆಗೆ ಬರಲಿದ್ದ ಗೆಳೆಯ ಪಾಲ್ ಗೊಗ್ಯಾಂನ ಕೋಣೆಯನ್ನು ಸಿಂಗರಿಸುವುದಕ್ಕೆ. ಅತಿಥಿಯ ಸ್ವಾಗತಕ್ಕೆ ಬಾಡಿದ ಹೂವು! ಇದನ್ನು ಹೇಳಿದಾಗ ಹಿರಿಯರು "ಅವರ ದೇಶದಲ್ಲಿ ಹಾಗಿರಬಹುದು" ಅಂದರು. ಅದೂ ನಿಜವೇ.

ಆ ಚಿತ್ರಗಳಲ್ಲಿ ಬಳಸಿದ ಕ್ರೋಮ್ ಹಳದಿ ಎಂಬ ಬಣ್ಣದ ಕೆಲವು ಬಗೆಗಳು ಬೆಳಕಿಗೆ ಕಂದಾಗುತ್ತವೆ. ಹೂವು ಬಾಡುವುದನ್ನು ಬರೆದ ಬಣ್ಣ ತಾನೂ ಮೆಲ್ಲಗೆ ಬಾಡುತ್ತಿದೆ.

ಅರ್ಥ ಯಾರ ಕೈಯಲ್ಲಿ?

"ಬರೆದವರನ್ನೇ ಕೇಳಿದರೆ ಆಯಿತಲ್ಲ?" ಎನ್ನುವುದು ಎಲ್ಲರ ಮನಸ್ಸಿನ ಮಾತು. ಕೇಳಬಹುದು. ಆದರೆ ಮಾತು ಅಲ್ಲಿಗೇ ಮುಗಿಯುವುದಿಲ್ಲ.

ಅಮೆರಿಕದ ಜಾರ್ಜಿಯಾ ಓಕೀಫ್ (1887–1986) ಒಂದೊಂದೇ ಹೂವನ್ನು ಕ್ಯಾನ್ವಾಸ್ ತುಂಬ ಹಿಗ್ಗಿಸಿ ಬರೆದರು. ಸಣ್ಣ ಹೂವನ್ನು ಯಾರೂ ನಿಂತು ನೋಡುವುದಿಲ್ಲ, ದೊಡ್ಡದು ಮಾಡಿದರೆ ಧಾವಂತದ ನ್ಯೂಯಾರ್ಕಿನವರೂ ನಿಲ್ಲುತ್ತಾರೆ ಎನ್ನುವುದು ಅವರ ವಿವರಣೆ. ವಿಮರ್ಶಕರು ಆ ಹೂಗಳಲ್ಲಿ ಹೆಣ್ಣಿನ ದೇಹವನ್ನು ಕಂಡರು. ಓಕೀಫ್ ಅದನ್ನು ಕೊನೆಯವರೆಗೂ ಅಲ್ಲಗಳೆದರು. ಆದರೂ ಆ ಓದು ಇಂದಿಗೂ ಅವರ ಚಿತ್ರಗಳ ಜೊತೆ ನಡೆದುಬರುತ್ತಿದೆ. 1932ರಲ್ಲಿ ಅವರು ಬರೆದ ಒಂದು ಬಿಳಿ ಹೂವು 2014ರ ಹರಾಜಿನಲ್ಲಿ 4 ಕೋಟಿ 44 ಲಕ್ಷ ಡಾಲರಿಗೆ ಹೋಯಿತು. ಯಾವ ಹೂವು ಎಂದರೆ ನಮ್ಮ ತಿಪ್ಪೆ ಬದಿಯಲ್ಲಿ ಬೆಳೆಯುವ ದತ್ತೂರಿಯ ಜಾತಿಯದು. ಬೆಲೆ ಹೂವಿಗಲ್ಲ, ನೋಟಕ್ಕೆ ಎಂದು ಬೇರೆ ಹೇಳಬೇಕಿಲ್ಲ.

ತಂತ್ರವೇ ಅರ್ಥವನ್ನು ತಿರುಗಿಸಿಬಿಡುವುದಕ್ಕೆ ಇನ್ನೊಂದು ಉದಾಹರಣೆ, ಆಂಡಿ ವಾರ್ಹಾಲ್ 1964ರಲ್ಲಿ ಮಾಡಿದ ದಾಸವಾಳಗಳು. ಒಂದು ಪತ್ರಿಕೆಯಲ್ಲಿ ಬಂದಿದ್ದ ಫೋಟೊವನ್ನು ಎತ್ತಿಕೊಂಡು, ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್‌ನಲ್ಲೇ ಮತ್ತೆ ಮತ್ತೆ ಅಚ್ಚು ಹಾಕಿದರು. ಎಸಳಿನ ನಯವಿಲ್ಲ, ಚಪ್ಪಟೆ ಬಣ್ಣ ಅಷ್ಟೇ. ಹೂವು ಅಲ್ಲಿ ಅಂಗಡಿ ಸಾಮಾನು. ಫೋಟೊ ತೆಗೆದಾಕೆ ಪೆಟ್ರೀಶಿಯಾ ಕಾಲ್‌ಫೀಲ್ಡ್ ಮೊಕದ್ದಮೆ ಹೂಡಿದರು. ಛತ್ರದ ಚಿತ್ರವನ್ನು ಆ ವಿಧಾನದಲ್ಲಿ ಮಾಡಿದ್ದರೆ ಎಡದ ತೂಕವೂ ಇರುತ್ತಿರಲಿಲ್ಲ, ಬಲದ ನೀರೂ ಇರುತ್ತಿರಲಿಲ್ಲ.

ಹಾಗಾದರೆ ಯಾರು ಏನು ಹೇಳಿದರೂ ಸರಿಯೇ? ಇಲ್ಲ. ಕಲೆಯ ಹೆಸರಿನಲ್ಲಿ ಕಿವಿಗೆ ಹೂವಿಡುವವರೂ ಇದ್ದಾರೆ. ಅವರನ್ನು ಗುರುತಿಸುವ ದಾರಿ ಸುಲಭ: ಹೇಳಿದ ಅರ್ಥಕ್ಕೆ ಕ್ಯಾನ್ವಾಸಿನ ಮೇಲೆ ಬೆರಳಿಟ್ಟು ತೋರಿಸಲು ಹೇಳಿ. "ರೈತನ ದುಡಿಮೆ" ಎಂದವರು ಬಲ್ಬಿನ ಸಾಲು ತೋರಿಸಬಲ್ಲರು. "ಕಾಲ ಹರಿಯುವುದು" ಎಂದವರು ಇಳಿದ ನೀರಿನ ಗೆರೆ ತೋರಿಸಬಲ್ಲರು. ನಕ್ಷತ್ರ ಎಂದವರಿಗೂ ಕಡುನೀಲಿಯ ಆಧಾರವಿದೆ, ಸಾಲು ಮಾತ್ರ ಅವರ ಕೈಬಿಡುತ್ತದೆ. "ಬ್ರಹ್ಮಾಂಡದ ಮೌನ" ಎಂದು ಒಬ್ಬರು ಹೇಳಿದರು; ಎಲ್ಲಿ ಎಂದು ಕೇಳಿದೆ, ಬೀಗರ ಕಡೆ ಹೊರಟುಹೋದರು.

ಗೋಡೆ ಬದಲಾದರೆ

ಚಿತ್ರ ಎಲ್ಲಿ ನೇತುಬಿದ್ದಿದೆ ಎನ್ನುವುದೂ ಅರ್ಥದ ಒಂದು ಪಾಲು. ಇದೇ ಕ್ಯಾನ್ವಾಸ್ ಬೆಂಗಳೂರಿನ ಗ್ಯಾಲರಿಯಲ್ಲಿದ್ದರೆ ಯಾರೂ ಅಪಶಕುನ ಎನ್ನುತ್ತಿರಲಿಲ್ಲ, ಬಹುಶಃ ಬಲ್ಬನ್ನು ಯಾರೂ ಗುರುತಿಸುತ್ತಲೂ ಇರಲಿಲ್ಲ. ಎಪಿಎಂಸಿ ಕಚೇರಿಯಲ್ಲಿದ್ದರೆ ಅದು ದೂರು ಅರ್ಜಿಯಂತೆ ಕಾಣುತ್ತಿತ್ತು. ಹಾಲುಗಂಬ, ಹೂವಿನ ಕಮಾನು, ವಧೂವರರ ಹೆಸರಿನ ಥರ್ಮೋಕೋಲ್ ಅಕ್ಷರಗಳ ಪಕ್ಕದಲ್ಲಿ ಅದಕ್ಕೆ ಬಂದ ಅರ್ಥ ಕಲಾವಿದೆ ಲೆಕ್ಕ ಹಾಕಿದ್ದೋ ಅಲ್ಲವೋ ಹೇಳುವುದು ಕಷ್ಟ.

ಮಾಲೀಕರು ಚಿತ್ರವನ್ನು ಮಾರಲಿಲ್ಲ, ಜಾಗ ಬದಲಿಸಿದರು. ಈಗ ಬಾಗಿಲಿನ ಎದುರು ಲಕ್ಷ್ಮಿಯ ದೊಡ್ಡ ಪ್ರಿಂಟ್ ಬಂದಿದೆ, ಅದರಲ್ಲಿನ ತಾವರೆಗಳು ಬಾಡುವ ಪೈಕಿ ಅಲ್ಲ. ಸೇವಂತಿಗೆ ಮಹಡಿಯ ಮೇಲೆ ಲೆಕ್ಕದ ಕೋಣೆಗೆ ಹೋಗಿದೆ. ಚಪ್ಪರ, ಶಾಮಿಯಾನ, ಹೂವಿನ ಅಲಂಕಾರದವರು ಬಿಲ್ಲು ತಂದಾಗ ಕೂರುವುದು ಅದರ ಎದುರಿಗೇ. ಮಂಡಿಯವರು ಬಾಕಿ ವಸೂಲಿಗೆ ಹೋದಾಗಲೆಲ್ಲ ಕುರ್ಚಿಯನ್ನು ಒಂದಿಷ್ಟು ಎಳೆದುಕೊಂಡು, ಎಡಗಡೆಯ ರಾಶಿ ಎದುರಿಗೆ ಬರುವ ಹಾಗೆ ಕೂರುತ್ತಾರಂತೆ.